ಬರೆದ ಹೆಸರು, ಕರೆದ ಹೆಸರು

ಸವದತ್ತಿಯಿಂದ ಹೊರಡುವ ಬಸ್ಸಿನ ಫಲಕದ ಮೇಲೆ ‘ಮುನವಳ್ಳಿ’ ಎಂದು ಬರೆದಿರುತ್ತದೆ. ಕಂಡಕ್ಟರನು ಮಾತ್ರ ಬಾಗಿಲಲ್ಲಿ ನಿಂತು ‘ಮನೋಳಿ, ಮನೋಳಿ’ ಎಂದೇ ಕೂಗುವನು. ಈ ಎರಡು ಹೆಸರುಗಳ ನಡುವೆ ಅರ್ಧ ಆಯುಷ್ಯ ಓಡಾಡಿದ ನನಗೆ, ಇದರಲ್ಲಿ ವಿಚಾರಾರ್ಹವಾದುದೇನೋ ಅಡಗಿದೆಯೆಂದು ಹೊಳೆದದ್ದು ಶಂ. ಬಾ. ಜೋಶಿಯವರ ‘ಎಡೆಗಳು ಹೇಳುವ ಕಂನಾಡ ಕಥೆ’ಯನ್ನು ಓದಿದ ತರುವಾಯವೇ.

ಶಂಬಾ ಅವರು 1896ರಲ್ಲಿ ಹುಟ್ಟಿದ್ದು ನಮ್ಮದೇ ತಾಲ್ಲೂಕಿನ ಗುರ್ಲಹೊಸೂರಿನಲ್ಲಿ. ಧಾರವಾಡದಲ್ಲಿ ಶಾಲಾ ಶಿಕ್ಷಕರಾಗಿದ್ದುಕೊಂಡೇ, ಅರಸರ ಶಾಸನಗಳಷ್ಟೇ ಆದರದಿಂದ ಊರಿನ ಹೆಸರುಗಳನ್ನೂ ಓದಬೇಕೆಂದು ಹಟ ಹಿಡಿದ ಆ ಮಹನೀಯರಿಗೆ, 1970ರಲ್ಲಿ ‘ಕರ್ನಾಟಕ ಸಂಸ್ಕೃತಿಯ ಪೂರ್ವಪೀಠಿಕೆ’ಗಾಗಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು. ರಟ್ಟ ಅರಸರ ಕಾಲದ ಸುಗಂಧವರ್ತಿಯು ಜನರ ನಾಲಗೆಯ ಮೇಲೆ ಉರುಳಿ ಉರುಳಿ ಸವದತ್ತಿಯಾದಂತೆ, ಪ್ರತಿಯೊಂದು ಹಳ್ಳಿಯ ಹೆಸರಿನಲ್ಲಿಯೂ, ರಂಟೆ ಹೊಡೆದವರ ಮತ್ತು ದನ ಕಾಯ್ದವರ ಉಚ್ಚಾರದ ಗುರುತು ಉಳಿದಿರುತ್ತದೆಂಬ ಅರಿವು ನನಗೆ ಅವರಿಂದಲೇ ಬಂದದ್ದು.

ನನ್ನ ಓದು ಬಹಳ ನಿಧಾನದ್ದು. ಬಾಲ್ಯದಲ್ಲಿ ಶ್ರಾವಣಮಾಸದ ಪುರಾಣವನ್ನು ಗುಡಿಯಲ್ಲಿ ಕೇಳುತ್ತ ಬೆಳೆದವನಾದುದರಿಂದ, ಓದುವವನೊಬ್ಬ, ಅರ್ಥ ಹೇಳುವವನೊಬ್ಬ, ಒಂದೇ ಗ್ರಂಥಕ್ಕೆ ಒಂದು ತಿಂಗಳು ಎಂಬ ಆ ಗತಿಯೇ ಮೈಗೆ ಹತ್ತಿಬಿಟ್ಟಿತು. ಈಗಲೂ ತುಟಿ ಅಲುಗಿಸದೆ ಓದಲಾರೆ. ಮನೆಯಾಕೆ ಅಡಿಗೆಮನೆಯಿಂದ ‘ಯಾರ ಕೂಡ ಮಾತಾಡಾಕತ್ತೀರಿ?’ ಎಂದು ಕೇಳುವುದುಂಟು. 1923ರಲ್ಲಿ ಬೆಳಗಾವಿಯಲ್ಲಿ ಅಚ್ಚಾದ ಹಳಕಟ್ಟಿಯವರ ‘ವಚನಶಾಸ್ತ್ರಸಾರ’ ಬೆಳಗಿನ ಹೊತ್ತಿಗೆ ಮೀಸಲು. ಕಟ್ಟೀಮನಿಯವರ ‘ಜ್ವಾಲಾಮುಖಿಯ ಮೇಲೆ’ಯನ್ನು ಮಾತ್ರ ಒಂದೇ ರಾತ್ರಿಯಲ್ಲಿ ಮುಗಿಸಿದೆ, ಮತ್ತೆ ತೆರೆಯಲಿಲ್ಲ.

ಶಂಬಾ ಅವರ ‘ಎಡೆಗಳು’ ಪುಸ್ತಕವನ್ನು ಓದಿದ್ದು ಮೂರು ಸಲವಾಯಿತು. ಹೊದಿಕೆ ಹೋಗಿದೆ, ಪುಟದ ಗುರುತಿಗೆ ಇಟ್ಟ ಜೋಳದ ರವದಿ ಪುಡಿಯಾಗಿ ಹೊಲಿಗೆಯ ಸಂದಿನಲ್ಲಿ ಕೂತಿದೆ. ಮೊದಲನೆಯ ಓದಿನಲ್ಲಿ, ಶಬ್ದದ ಮೂಲವನ್ನು ಅವರು ತೀರ ಧೈರ್ಯದಿಂದ ಎಳೆದುಕೊಂಡು ಹೋದರೆಂದು ತೋರಿದಲ್ಲೆಲ್ಲ, ಅಂಚಿನಲ್ಲಿ ಸೀಸಕಡ್ಡಿಯಿಂದ ಪ್ರಶ್ನಚಿಹ್ನೆ ಹಾಕಿದ್ದೆ. ಎರಡನೆಯದರಲ್ಲಿ ಅರ್ಧಕ್ಕರ್ಧ ಅಳಿಸಿದೆ. ಮೂರನೆಯದರಲ್ಲಿ, ಹೇಳಲು ಸಂಕೋಚವಾದರೂ, ಕೆಲವನ್ನು ಮತ್ತೆ ಹಾಕಿದೆ. ಒಪ್ಪಿಗೆಯಾಗದ ಪುಟಗಳಿಗೇ ನಾನು ಹೆಚ್ಚು ಸಲ ಹಿಂದಿರುಗಿದ್ದೇನೆ.

ಕೊನೆಯ ಖಾಲಿ ಹಾಳೆಯಲ್ಲಿ ನಡುವೆ ಗೆರೆ ಎಳೆದು, ಎಡಕ್ಕೆ ಊರು ಬರೆಯುವ ಬಗೆ, ಬಲಕ್ಕೆ ಕರೆಯುವ ಬಗೆ ಬರೆದಿಟ್ಟಿದ್ದೇನೆ: ಮುನವಳ್ಳಿ, ಮನೋಳಿ; ಬೈಲಹೊಂಗಲ, ಬೈಲೊಂಗಲ. ಬಲಗಡೆ ಇನ್ನೂ ಬಹಳ ಬರಿದಾಗಿದೆ. ಕಿತ್ತೂರು, ರಾಮದುರ್ಗಗಳ ಕಡೆಯ ಓದುಗರು, ತಮ್ಮ ಹಳ್ಳಿಯನ್ನು ಮನೆಯ ಅಜ್ಜಿ ಹೇಗೆ ಕರೆಯುವಳೆಂಬುದನ್ನು, ಆಕೆ ಇರುವಾಗಲೇ ಕೇಳಿ ಬರೆದಿಟ್ಟುಕೊಳ್ಳಬೇಕೆಂದು ವಿನಂತಿ.