ಸೆಲೆಕ್ಟ್ ಮಾಡಿದ್ದೆಲ್ಲ ಕಾಪಿ ಅಲ್ಲ

ಲ್ಯಾಬಿನ ಉಬುಂಟು ಮೆಷಿನ್‌ಗಳ ಬಗ್ಗೆ ನಮ್ಮಲ್ಲಿ ಒಂದು ಕಂಪ್ಲೇಂಟ್ ಇದ್ದೇ ಇರುತ್ತೆ. ಮೌಸ್‌ನ ಚಕ್ರ ಒತ್ತಿದ್ರೆ ಎಲ್ಲಿಂದಲೋ ಏನೋ ಬಂದು ಕೋಡ್ ಮಧ್ಯೆ ಬೀಳುತ್ತೆ ಅಂತ. ಮನೆಯಲ್ಲಿ ವಿಂಡೋಸ್ ಬಳಸಿ ಬಂದವರಿಗೆ ಇದು ದೆವ್ವದ ಕಾಟ. ದೆವ್ವ ಏನಿಲ್ಲ, ಲಿನಕ್ಸ್‌ಗೆ ಎರಡು ಜೇಬು ಇದೆ ಅಷ್ಟೇ. ಮೌಸ್‌ನಲ್ಲಿ ಸೆಲೆಕ್ಟ್ ಮಾಡಿದ್ದು ಒಂದು ಜೇಬಿಗೆ ಹೋಗುತ್ತೆ, ಚಕ್ರ ಒತ್ತಿದ್ರೆ ಅದು ಹೊರಗೆ ಬರುತ್ತೆ. ಕಂಟ್ರೋಲ್-ಸಿ ಒತ್ತಿದ್ದು ಇನ್ನೊಂದು ಜೇಬಿಗೆ. ಮೊದಲನೆಯದಕ್ಕೆ ಪ್ರೈಮರಿ ಅಂತ ಹೆಸರು, ಎರಡನೆಯದೇ ನಮಗೆ ಗೊತ್ತಿರೋ ಕ್ಲಿಪ್‌ಬೋರ್ಡ್.

ನಾನು ಈ ಎರಡು ಜೇಬಿನ ಪರ. ಆದರೆ ಅವು ಬೇರೆ ಬೇರೆಯಾಗೇ ಇರಬೇಕು. ಸೆಲೆಕ್ಟ್ ಮಾಡಿದ ತಕ್ಷಣ ಮುಖ್ಯ ಕ್ಲಿಪ್‌ಬೋರ್ಡ್‌ಗೇ ಕೈಹಾಕೋ ಪ್ರೋಗ್ರಾಂಗಳಿವೆ. ವಿಂಡೋಸ್‌ನ ಪುಟ್ಟಿ ಹಾಗೇ ಮಾಡುತ್ತೆ. ಅದರ ತೊಂದರೆ ನೋಡಿ. ಬ್ರೌಸರ್‌ನ ಒಂದು ವಿಳಾಸ ಕಾಪಿ ಮಾಡಿಕೊಂಡು ಬಂದಿದ್ದೀರಿ, ಇಲ್ಲಿರೋ ಹಳೇ ವಿಳಾಸ ತೆಗೆದು ಅದನ್ನ ಹಾಕಬೇಕು. ಹಳೇದನ್ನ ಸೆಲೆಕ್ಟ್ ಮಾಡಿದ್ರಿ. ಮುಗೀತು! ಕಾಪಿ ಮಾಡಿದ್ದು ಹೋಯ್ತು, ಈಗ ಹಳೇದರ ಮೇಲೆ ಹಳೇದೇ ಪೇಸ್ಟ್ ಆಗುತ್ತೆ. ನಾವು ಸೆಲೆಕ್ಟ್ ಮಾಡೋದು ಕಾಪಿ ಮಾಡೋಕೆ ಮಾತ್ರ ಅಲ್ಲ. ಅಳಿಸೋಕೆ, ಬೋಲ್ಡ್ ಮಾಡೋಕೆ, ಕೆಲವರಂತೂ ಓದ್ತಾ ಓದ್ತಾ ಸುಮ್ಮನೆ ಸಾಲುಗಳನ್ನ ನೀಲಿ ಮಾಡ್ತಾ ಇರ್ತಾರೆ. (ನಾನೂ ಆ ಜಾತಿಯೇ.) ವಿಂಡೋಸ್‌ನಲ್ಲಿ 2018ರಿಂದ ಹಿಂದಿನ 25 ಕಾಪಿಗಳನ್ನ ಇಟ್ಟುಕೊಳ್ಳೋ ಸೌಲಭ್ಯ ಇದೆ, ಒಳ್ಳೇದೇ. ಆದರೆ ನಾನು ಕೇಳದೇ ಬಂದದ್ದೆಲ್ಲ ಅದರಲ್ಲಿ ತುಂಬಿಕೊಂಡರೆ ಹುಡುಕೋದು ಯಾರು? ಲ್ಯಾಪ್‌ಟಾಪಿನ ಟಚ್‌ಪ್ಯಾಡ್ ಮೇಲೆ ಮೂರು ಬೆರಳು ತಗುಲಿ ಪೇಸ್ಟ್ ಆಗಿ ಸಾಕಾಗಿರುವವರು ಗ್ನೋಮ್ ಟ್ವೀಕ್ಸ್‌ನಲ್ಲಿ ಚಕ್ರದ ಪೇಸ್ಟ್ ಆಫ್ ಮಾಡಿಕೊಳ್ಳಬಹುದು.

ಇಷ್ಟೇ ಆಗಿದ್ದರೆ ಇದನ್ನ ಕನ್ನಡ ಸಂಘದ ಮ್ಯಾಗಜಿನ್‌ಗೆ ಬರೀತಿರಲಿಲ್ಲ. ಕಾಪಿ ನಾನು ಹೇಳದೇ ಆಗಬಾರದು ಅನ್ನೋದು ಅರ್ಧ ಮಾತು. ಹೇಳಿದಾಗ ಕಣ್ಣಿಗೆ ಕಂಡದ್ದೇ ಬರಬೇಕು ಅನ್ನೋದು ಇನ್ನರ್ಧ. ಕನ್ನಡದಲ್ಲಿ ಪೆಟ್ಟು ಬಿದ್ದಿರೋದು ಅಲ್ಲಿ.

ನಮ್ಮ ಕ್ಲಾಸಿನ ಒಬ್ಬಳ ತಾತ ಕೋಲಾರದ ಕಡೆ ಮೇಷ್ಟ್ರಾಗಿದ್ದವರು. ಊರಿನ ಕೆರೆ, ಸ್ಕೂಲು, ಬರಗಾಲ ಎಲ್ಲ ಬರೆದು ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸಿ ಇಟ್ಟು ಹೋಗಿದ್ದಾರೆ. ಅದನ್ನ ಬ್ಲಾಗ್‌ಗೆ ಹಾಕೋಣ ಅಂತ ಅವಳು ವರ್ಡ್ ಫೈಲ್ ತೆರೆದರೆ ಮುದ್ದಾದ ಕನ್ನಡ. ಕಾಪಿ ಮಾಡಿ ಬ್ರೌಸರ್‌ನಲ್ಲಿ ಪೇಸ್ಟ್ ಮಾಡಿದರೆ "ಕನ್ನಡ" ಅನ್ನೋ ಪದದ ಜಾಗದಲ್ಲಿ ಇಂಗ್ಲಿಷಿನ ಪಿ, ನೆತ್ತಿ ಮೇಲೆ ಗೀಟಿರೋ ಎ, ಬ್ರಿಟಿಷರ ಪೌಂಡ್ ಚಿಹ್ನೆ! ವರ್ತೂರಿನಲ್ಲಿ ಒಂದು ಡಿಟಿಪಿ ಅಂಗಡಿಗೆ ತೋರಿಸಿದರೆ, "ಇದು ಹಳೇ ನುಡಿ ಫಾಂಟಮ್ಮ, ಬೇಕಂದ್ರೆ ಹೊಸದಾಗಿ ಟೈಪ್ ಮಾಡಿಕೊಡ್ತೀವಿ, ಪೇಜಿಗಿಷ್ಟು" ಅಂದರು.

ಆಗಿರೋದೇನಂದ್ರೆ, ಆ ಫೈಲಿನಲ್ಲಿ ಕನ್ನಡ ಅಕ್ಷರಗಳೇ ಇಲ್ಲ. ಇರೋದು ಇಂಗ್ಲಿಷ್ ಅಕ್ಷರಗಳ ಸಂಕೇತಗಳು, ಫಾಂಟ್ ಅವಕ್ಕೆ ಕನ್ನಡದ ವೇಷ ಹಾಕಿಸುತ್ತೆ. 1991ರಲ್ಲಿ ಬಂದ ಯುನಿಕೋಡ್‌ನ ಮೊದಲ ಆವೃತ್ತಿಯಲ್ಲೇ ಕನ್ನಡ ಇತ್ತು, ಆದರೆ ಅಂಗಡಿಗಳ ಪೇಜ್‌ಮೇಕರ್‌ಗೆ ಆ ಕನ್ನಡ ಗೊತ್ತಿರಲಿಲ್ಲ. ಪುಸ್ತಕ ಅಚ್ಚಾಗಬೇಕಿತ್ತು, ಅವರು ಇದ್ದ ದಾರಿ ಹಿಡಿದರು. ನುಡಿ ರೂಪಿಸಿದ ಕನ್ನಡ ಗಣಕ ಪರಿಷತ್ತನ್ನಾಗಲಿ ಅಂಗಡಿಯವರನ್ನಾಗಲಿ ಬಯ್ಯೋದು ನನಗೆ ಸರಿ ಕಾಣಲ್ಲ. ಅವರಿಲ್ಲದಿದ್ದರೆ ತಾತನ ಬರಹ ಕಂಪ್ಯೂಟರ್ ವರೆಗೂ ಬರ್ತಿರಲಿಲ್ಲ.

ಸ್ವಾರಸ್ಯ ಏನು ಗೊತ್ತಾ? ಅದೇ ಪಠ್ಯವನ್ನ ಒಂದು ವರ್ಡ್ ಫೈಲಿನಿಂದ ಇನ್ನೊಂದಕ್ಕೆ ಪೇಸ್ಟ್ ಮಾಡಿದರೆ ಕನ್ನಡವಾಗೇ ಬರುತ್ತೆ. ಯಾಕಂದ್ರೆ ಕ್ಲಿಪ್‌ಬೋರ್ಡ್ ಒಂದೇ ವಸ್ತು ಇರೋ ಡಬ್ಬಿ ಅಲ್ಲ. ಕಾಪಿ ಮಾಡಿದಾಗ ವರ್ಡ್ ಒಂದೇ ಪಠ್ಯವನ್ನ ಹಲವು ರೂಪಗಳಲ್ಲಿ ಮುಂದಿಡುತ್ತೆ: ಬರೀ ಪಠ್ಯ, ಫಾಂಟ್ ಹೆಸರಿನ ಸಮೇತ ಪಠ್ಯ, ಹೀಗೆ. ಪೇಸ್ಟ್ ಮಾಡಿಸಿಕೊಳ್ಳೋ ಪ್ರೋಗ್ರಾಂ ತನಗೆ ಬೇಕಾದ ರೂಪ ಆರಿಸಿಕೊಳ್ಳುತ್ತೆ. ಬ್ಲಾಗಿನ ಬಾಕ್ಸ್ ಬರೀ ಪಠ್ಯ ಸಾಕು ಅಂದಿತು, ಫಾಂಟಿನ ಹೆಸರು ಬಿದ್ದುಹೋಯ್ತು, ಅದರ ಜೊತೆ ಕನ್ನಡವೂ.

ಅಂದ್ರೆ ಇದು ಕನ್ನಡ ಅನ್ನೋ ಸುಳಿವು ಕಾಪಿ ಮಾಡಿದ ಕ್ಷಣದಲ್ಲಿ ಕ್ಲಿಪ್‌ಬೋರ್ಡ್‌ನಲ್ಲೇ ಇರುತ್ತೆ! ಫಾಂಟ್ ಹೆಸರು "ನುಡಿ 01 ಇ" ಅಂತಿದ್ದರೆ ಸಂಕೇತಗಳನ್ನ ಯುನಿಕೋಡ್‌ಗೆ ಬದಲಿಸಿ, ಬರೀ ಪಠ್ಯದ ಜಾಗದಲ್ಲಿ ಅದನ್ನ ಇಟ್ಟರೆ ಆಯ್ತು. ಬದಲಿಸೋ ಕನ್ವರ್ಟರ್‌ಗಳು ಈಗಾಗಲೇ ಇವೆ, ನುಡಿಯ ಜೊತೆಗೂ ಬರುತ್ತೆ. ಆದರೆ ಬಳಸೋಕೆ ಅದು ನುಡಿ ಅಂತ ನಮಗೆ ಮೊದಲೇ ಗೊತ್ತಿರಬೇಕು. ಗೆಳತಿಗೆ ಗೊತ್ತಿರಲಿಲ್ಲ, ಅವಳಿಗೆ ಯಾಕೆ ಗೊತ್ತಿರಬೇಕು? ಆಪರೇಟಿಂಗ್ ಸಿಸ್ಟಂ ಮಾಡೋ ದೊಡ್ಡ ಕಂಪನಿಗಳು ನಮಗಾಗಿ ಇದನ್ನ ಮಾಡ್ತಾರೆ ಅಂತ ನನಗೆ ನಂಬಿಕೆ ಇಲ್ಲ. ಕ್ಲಿಪ್‌ಬೋರ್ಡ್ ನೋಡ್ತಾ ಹಿನ್ನೆಲೆಯಲ್ಲಿ ಕೂರೋ ಪುಟ್ಟ ಪ್ರೋಗ್ರಾಂ ಸಾಕು. ಒತ್ತಕ್ಷರ, ಅರ್ಕಾವತ್ತು ಸರಿಯಾದ ಜಾಗಕ್ಕೆ ಬರೋ ಹಾಗೆ ಮಾಡೋದರಲ್ಲಿ ಸ್ವಲ್ಪ ತಲೆನೋವು ಇದೆ.

ನಮ್ಮ ಸಂಘದ ಹಳೇ ರಾಜ್ಯೋತ್ಸವ ಸಂಚಿಕೆಗಳೂ ಇದೇ ಸ್ಥಿತಿಯಲ್ಲಿ ಪೆನ್‌ಡ್ರೈವ್‌ನಲ್ಲಿ ಬಿದ್ದಿವೆ. ಒಂದು ಹೆಸರು ಹುಡುಕಿದರೂ ಸಿಗಲ್ಲ. ಮುಂದಿನ ಸೆಮ್ ಮಿನಿ ಪ್ರಾಜೆಕ್ಟ್‌ಗೆ ನಾನು ಇದನ್ನೇ ಕೊಡ್ತಾ ಇದ್ದೀನಿ. ಟೀಮಿನಲ್ಲಿ ಇನ್ನೂ ಇಬ್ಬರಿಗೆ ಜಾಗ ಇದೆ, ಪೈಥಾನ್ ಬಂದರೆ ಸಾಕು. ಒತ್ತಕ್ಷರ ಗೊತ್ತಿದ್ದರೆ ಇನ್ನೂ ಒಳ್ಳೇದು.