ತಡೆದುಕೊಳ್ಳುವವಳಿಗೆ ಕವಚ ಎಲ್ಲಿ?

ಟ್ಯಾಂಕ್ ಎಂದರೆ ನಮ್ಮ ಸೀಮೆಯವರಿಗೆ ಮೊದಲು ಕೆರೆ. ಇಂಗ್ಲಿಷರ ಕಾಲದ ಕಾಗದಪತ್ರಗಳಲ್ಲಿ ಊರ ಕೆರೆಗಳಿಗೆಲ್ಲ ಅದೇ ಹೆಸರು. ನಮ್ಮ ಮಾಗಡಿಯ ಕೆರೆಯೂ ಹಾಗೆಯೇ. ಬೆಂಗಳೂರಿನ ಮಗ್ಗುಲಿನ ಮಾಗಡಿಯಲ್ಲ, ಶಿರಹಟ್ಟಿ ತಾಲೂಕಿನದು. ಚಳಿಗಾಲಕ್ಕೆ ಹಿಮಾಲಯದಾಚೆಯಿಂದ ಪಟ್ಟೆತಲೆಯ ಹೆಬ್ಬಾತುಗಳು ಬಂದಿಳಿಯುವ, 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿದ ಮಾಗಡಿ. ಆದರೆ ಈಗಿನ ಹುಡುಗರ ಬಾಯಲ್ಲಿ ಟ್ಯಾಂಕ್ ಎಂದರೆ ಬೇರೆ. ಕಂಪ್ಯೂಟರಿನಲ್ಲಿ ಊರೂರಿನವರು ಕೂಡಿ ಆಡುವ ಆಟಗಳಲ್ಲಿ ಗುಂಪಿನ ಮುಂದೆ ನಿಂತು, ರಾಕ್ಷಸನ ಸಿಟ್ಟನ್ನೆಲ್ಲ ತನ್ನ ಮೇಲೆ ಎಳೆದುಕೊಂಡು, ಹಿಂದಿನವರ ಮೈಗೆ ಪೆಟ್ಟು ಬೀಳದಂತೆ ಕಾಯುವವರು ಟ್ಯಾಂಕ್. ಯುದ್ಧದ ಟ್ಯಾಂಕಿನಿಂದ ಬಂದ ಹೆಸರು.

ಇಂಥ ಆಟಗಳೆಂದರೆ ಮೂಗು ಮುರಿಯುವವರೇ ನಮ್ಮಲ್ಲಿ ಹೆಚ್ಚು. ನಾನು ಆ ಸಾಲಿನವಳಲ್ಲ. ಬೆಂಗಳೂರಿನಲ್ಲಿ ನೌಕರಿ ಮಾಡುವ ನನ್ನ ತಂಗಿಯ ಮಗಳು ರಾತ್ರಿ ಹೊತ್ತು ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಎಂಬ ಆಟ ಆಡುತ್ತಾಳೆ. 2004ರಲ್ಲಿ ಬಂದ ಆಟವಂತೆ, ಇನ್ನೂ ನಡೆದಿದೆ. ಅದರಲ್ಲಿ ಐದು ಜನರ ಗುಂಪೆಂದರೆ ಒಬ್ಬರು ಟ್ಯಾಂಕ್, ಒಬ್ಬರು ಗಾಯ ಮಾಯಿಸುವವರು, ಉಳಿದ ಮೂವರು ಹೊಡೆಯುವವರು. ಯಾರು ಎಷ್ಟು ಹೊಡೆದರು, ಯಾರು ಎಷ್ಟು ಗಾಯ ಮಾಯಿಸಿದರು ಎಂಬುದರ ಮೇಲೆ ರಾಕ್ಷಸ ಒಬ್ಬೊಬ್ಬರ ಹೆಸರಿಗೂ ಸಿಟ್ಟಿನ ಲೆಕ್ಕ ಬರೆದಿಟ್ಟುಕೊಳ್ಳುತ್ತಾನೆ. ಲೆಕ್ಕ ಯಾರದು ದೊಡ್ಡದೋ ಅವರತ್ತ ತಿರುಗುತ್ತಾನೆ. ಔಷಧ ಹಚ್ಚಿದ ಪಾಪಕ್ಕೂ ಪೆಟ್ಟು ಬೀಳಬಹುದು! ಹಾಗಾಗದಂತೆ ಟ್ಯಾಂಕ್ ಬೇಕೆಂದೇ ಕೆಣಕಿ ಕೆಣಕಿ ತನ್ನ ಲೆಕ್ಕವನ್ನು ಎಲ್ಲರಿಗಿಂತ ಮೇಲೆ ಇಟ್ಟುಕೊಳ್ಳಬೇಕು.

ಇದನ್ನು ಕೇಳಿದಾಗ ನನಗೆ ನಮ್ಮ ಓಣಿಯ ಒಬ್ಬ ತಾಯಿಯ ನೆನಪಾಯಿತು. ಮಗಳು ಗದಗಿನ ಕಾಲೇಜಿಗೆ ಹೋಗುವುದು ತಂದೆಗೆ ಸುತರಾಂ ಇಷ್ಟವಿರಲಿಲ್ಲ. ಹುಡುಗಿಯ ಬಸ್ಸು ಎಂಟಕ್ಕೆ. ಎಂಟಕ್ಕೆ ಹತ್ತು ನಿಮಿಷ ಇರುವಾಗ ಈಕೆ ಗಂಡನ ಮುಂದೆ ಸಾಲದ ಮಾತನ್ನೋ ಅವನ ಅಣ್ಣನ ಹೊಲದ ಮಾತನ್ನೋ ತೆಗೆಯುವಳು. ಅವನ ಕೂಗಾಟ ಪಡಸಾಲೆಯಲ್ಲಿ ನಡೆದಿರುವಾಗ ಹುಡುಗಿ ಹಿತ್ತಲ ಬಾಗಿಲಿನಿಂದ ಪಾರು. ಎರಡು ವರ್ಷ ಹೀಗೆ ನಡೆಯಿತು. ಹುಡುಗಿ ಈಗ ಬ್ಯಾಂಕಿನಲ್ಲಿದ್ದಾಳೆ. ತಾಯಿಗೆ ಎಡಗಿವಿ ಕೇಳಿಸುವುದಿಲ್ಲ. ಓಣಿಯವರು ಏನನ್ನುತ್ತಾರೆ ಗೊತ್ತೇ? “ಆಕಿಗೆ ತಾಳ್ಮಿ ಭಾಳ.”

ನನ್ನ ತಕರಾರು ಇರುವುದು ಈ ಮಾತಿನ ಮೇಲೆ. ಆಕೆ ಮಾಡಿದ್ದು ಕೆಲಸ. ದಿನಾ ಹೊತ್ತು ನೋಡಿ, ಯಾವ ಮಾತಿಗೆ ಎಷ್ಟು ಸಿಟ್ಟು ಬರುತ್ತದೆಂದು ಅಳೆದು ಮಾಡಿದ ಕೆಲಸ. ಅದಕ್ಕೆ ತಾಳ್ಮೆ ಎಂಬ ಹೆಸರಿಟ್ಟ ಕೂಡಲೇ ಕವಚ ಕೊಡುವ ಜವಾಬ್ದಾರಿ ಎಲ್ಲರ ಹೆಗಲಿನಿಂದಲೂ ಇಳಿಯಿತು. ಭೂಮಿ ತೂಕದವಳಿಗೆ ಕವಚವೇಕೆ, ಅಲ್ಲವೇ?

ಆಟ ಕಟ್ಟಿದವರು ಹೀಗೆ ಕೈತೊಳೆದುಕೊಳ್ಳಲಿಲ್ಲ. ಅವರೇನು ಪುಣ್ಯಾತ್ಮರಲ್ಲ, ದುಡ್ಡು ಎಣಿಸುವ ವ್ಯಾಪಾರಿಗಳು. ಆದರೂ ಪೆಟ್ಟು ತಿನ್ನುವವರಿಗೆ ಎಲ್ಲರಿಗಿಂತ ದಪ್ಪನೆಯ ಕವಚ ಕೊಟ್ಟರು. ಗಾಯ ಮಾಯಿಸುವವರ ಕಣ್ಣು ಮೊದಲು ಇವರ ಮೇಲಿರಬೇಕೆಂಬುದು ಆಟದ ರೂಢಿಯೇ ಆಯಿತು. ಮೊದಮೊದಲು ಈ ಭಾರವೆಲ್ಲ ಬಹುಪಾಲು ವಾರಿಯರ್ ಎಂಬ ಒಂದೇ ಪಂಗಡದ ತಲೆಗೆ ಬಿದ್ದಿತ್ತು. ಪಾಲಡಿನ್ ಎಂಬ ಪಂಗಡಕ್ಕೆ ಕವಚವಿದ್ದರೂ ಶತ್ರುವನ್ನು ಕೆಣಕಿ ತನ್ನತ್ತ ಸೆಳೆಯುವ ವಿದ್ಯೆ ಇರಲಿಲ್ಲ, ಆಮೇಲೆ ಕೊಟ್ಟರು. 2008, 2012, 2016ರಲ್ಲಿ ಒಂದೊಂದು ಹೊಸ ಪಂಗಡ ಸೇರಿ ಈಗ ಆರು ಪಂಗಡದವರು ಈ ಭಾರ ಹೊರಬಲ್ಲರು. ಒಂದು ಸೊರಗಿದರೆ ತಕ್ಕಡಿ ಸರಿಮಾಡುತ್ತಾರೆ. 2011ರ ಆಗಸ್ಟಿನಲ್ಲಿ, ಸಿಟ್ಟು ಹಿಡಿದಿಡುವುದೇ ಹೈರಾಣವಾಗಿದೆ ಎಂದು, ಟ್ಯಾಂಕಿನ ಏಟಿಗೆ ಮೂರು ಪಟ್ಟು ಹುಟ್ಟುತ್ತಿದ್ದ ಸಿಟ್ಟನ್ನು ಐದು ಪಟ್ಟು ಮಾಡಿದರು. ಕಡಿಮೆ ಶ್ರಮದಲ್ಲಿ ಅದೇ ಕೆಲಸ ಆಗಲಿ ಎಂದು. ನಮ್ಮ ಮನೆಗಳಲ್ಲಿ ಸೊಸೆಯ ಶ್ರಮ ಕಡಿಮೆ ಮಾಡಲು ಯಾರಾದರೂ ಇಷ್ಟು ಲೆಕ್ಕ ಹಾಕಿದ್ದುಂಟೇ?

ಇನ್ನೊಂದು ಸಂಗತಿ ಕೇಳಿ. ಟ್ಯಾಂಕ್ ಆಗಲು ಜನ ಹಿಂದೇಟು ಹಾಕುತ್ತಾರೆ. ಸೋತರೆ ಬೈಗುಳ ಮೊದಲು ಇವರಿಗೇ. ಹೊಡೆಯುವವರು ಗುಂಪು ಸಿಗದೆ ಕಾಯುತ್ತ ಕೂಡಬೇಕಾಯಿತು. ಆಗ ಅದೇ ವರ್ಷದ ಏಪ್ರಿಲ್‌ನಲ್ಲಿ ಕಂಪನಿ ಏನು ಮಾಡಿತು? ತ್ಯಾಗದ ಮೇಲೆ ಭಾಷಣ ಮಾಡಲಿಲ್ಲ. ಯಾವ ಕೆಲಸಕ್ಕೆ ಜನ ಕಡಿಮೆಯೋ ಅದಕ್ಕೆ ಬರುವವರಿಗೆ ಹೆಚ್ಚಿನ ಬಹುಮಾನದ ಚೀಲ ಇಟ್ಟಿತು. “ದೊಡ್ಡವ್ವ, ಯಾರೂ ಮುಂದ ಬರದಿದ್ರ ಕೂಲಿ ಏರಿಸ್ಬೇಕಲ್ಲ,” ಎಂದಳು ನಮ್ಮ ಹುಡುಗಿ, ಕಡಲೆ ಹರಿಯುವ ಆಳಿನ ಮಾತಾಡಿದಷ್ಟು ಸಲೀಸಾಗಿ.

ಆಟ ಬೇರೆ, ಸಂಸಾರ ಬೇರೆ ಎನ್ನುವವರಿದ್ದಾರೆ. ಆಟದಲ್ಲಿ ಸತ್ತವರು ಏಳುತ್ತಾರೆ, ಒಪ್ಪಿದೆ. ಸತ್ತರೂ ಏಳುವವರಿಗೇ ಇಷ್ಟು ಕವಚ ಬೇಕಾದರೆ ಏಳದವರಿಗೆ ಎಷ್ಟು ಬೇಕು? ಪ್ರಕೃತಿಯೇ ಹೆಣ್ಣನ್ನು ಹಾಗೆ ಮಾಡಿದೆ ಎನ್ನುವವರು ಬೇಸಿಗೆಯಲ್ಲಿ ನಮ್ಮ ಬಯಲುಗಳಿಗೆ ಹೋಗಿ ಟಿಟ್ಟಿಭವನ್ನು ನೋಡಲಿ. ಬರಿ ನೆಲದ ಮೇಲೆ ತತ್ತಿ ಇಡುವ ಹಕ್ಕಿ. ನಾಯಿಯೋ ಮುಂಗುಸಿಯೋ ಹತ್ತಿರ ಬಂದರೆ ಚೀರುತ್ತ ಅದರ ತಲೆಯ ಮೇಲೇ ಎರಗಿ ದೂರ ಸೆಳೆದೊಯ್ಯುತ್ತದೆ. ಅಲ್ಲಿ ಗಂಡೂ ಕೂಗುತ್ತದೆ, ಗಂಡೂ ಕಾವಿಗೆ ಕೂಡುತ್ತದೆ. ಸರದಿ ಇದೆ.

ಮೊನ್ನೆ ಒಂದು ಮಹಿಳಾ ದಿನಾಚರಣೆಯಲ್ಲಿ ಅತಿಥಿಗಳೊಬ್ಬರು ಸಹನೆಯ ಮೂರ್ತಿ ಎಂದು ನಮ್ಮನ್ನೆಲ್ಲ ಅರ್ಧ ತಾಸು ಹೊಗಳಿದರು. ಎದ್ದು ನಿಂತು ಕೇಳಿದೆ: “ನಿಮ್ಮ ಮನೆಯಲ್ಲಿ ಪೆಟ್ಟು ತಡೆಯುವ ಸರದಿ ಈ ವಾರ ಯಾರದು?” ಅವರು ನಕ್ಕರು. ಹೆಣ್ಣುಮಕ್ಕಳು ನಗಲಿಲ್ಲ. ಆ ತಾಯಿ ಮೂರನೆಯ ಸಾಲಿನಲ್ಲಿದ್ದಳು. ನಾನು ಏನು ಕೇಳಿದೆ ಎಂದು, ಬಲಗಿವಿಯನ್ನು ಈ ಕಡೆ ಮಾಡಿ, ಪಕ್ಕದವಳನ್ನು ವಿಚಾರಿಸುತ್ತಿದ್ದಳು.