ಇದು ವಿದ್ಯಾರ್ಥಿವೇತನವೋ, ವಿಡಂಬನೆಯೋ?

ಬಡವರ ಹೆಣ್ಣುಮಕ್ಕಳಿಗೆ ಸರಕಾರವು ಬೇಕಾದಷ್ಟು ವಿದ್ಯಾರ್ಥಿವೇತನಗಳನ್ನು ಕೊಡುತ್ತಿರುವದು. ಇನ್ನೂ ಕೇಳುವದು ಅತ್ಯಾಶೆಯಲ್ಲವೇ ಎಂದು ನಮ್ಮ ಪಟ್ಟಣಗಳ ಸಂಭಾವಿತರು ಆಗಾಗ ಆಡುವದುಂಟು. ಯೋಜನೆಗಳ ಹೆಸರುಗಳನ್ನೇ ಎಣಿಸುವದಾದರೆ ಈ ಮಾತು ನಿಜ. ಆದರೆ ಹುಡುಗಿಯು ಕಾಲೇಜಿನಲ್ಲಿ ನಿಲ್ಲುವದು ಕೈಗೆ ಬಂದ ಹಣದಿಂದ. ಆ ಹಣವೆಷ್ಟು, ಅದು ಬರುವದು ಯಾವಾಗ ಎಂಬ ಲೆಕ್ಕವನ್ನು ವಾಚಕರ ಮುಂದಿಡುತ್ತೇವೆ.

ಪರಿಶಿಷ್ಟ ಜಾತಿಯವರಿಗಾಗಿ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವು ಆರಂಭವಾದದ್ದು 1944ರಲ್ಲಿ. ವಯಸ್ಸಿನಲ್ಲಿ ಅದು ನಮ್ಮ ಸ್ವಾತಂತ್ರ್ಯಕ್ಕಿಂತಲೂ ಹಿರಿಯದು. 2021ರಲ್ಲಿ ಪರಿಷ್ಕರಿಸಿದ ಕೇಂದ್ರ ನಿಯಮಗಳ ಮೇರೆಗೆ, ವರ್ಷಕ್ಕೆ 2.5 ಲಕ್ಷ ರೂಪಾಯಿಯೊಳಗಿನ ಆದಾಯದ ಮನೆಯಿಂದ ಬಂದು ಸಾದಾ ಬಿ.ಎ. ಓದುವ ಹುಡುಗಿಗೆ, ಕಡ್ಡಾಯ ಶುಲ್ಕದ ಹೊರತು, ವರ್ಷಕ್ಕೆ ಸಲ್ಲುವ ಭತ್ಯೆಯು 3,000 ರೂಪಾಯಿ, ವಸತಿಗೃಹದಲ್ಲಿದ್ದರೆ 6,000. ಎಂದರೆ ಮನೆಯಿಂದ ಹೋಗಿಬರುವವಳಿಗೆ ತಿಂಗಳಿಗೆ 250! ಇದರಲ್ಲಿ ಪುಸ್ತಕವನ್ನು ಕೊಳ್ಳಬೇಕೋ, ಮಧ್ಯಾಹ್ನದ ಊಟವನ್ನು ಮಾಡಬೇಕೋ, ನಿಯಮ ಬರೆದ ಪಂಡಿತರೇ ತಿಳಿಸಲಿ. ಕರ್ನಾಟಕದಲ್ಲಿ 2023ರ ಜೂನ್‌ನಿಂದ ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟಿನ ಖರ್ಚು ತಪ್ಪಿತು. ಅದು ದೊಡ್ಡ ಉಪಕಾರವೇ ಸರಿ. ಬಸ್ಸು ಇಳಿದ ಮೇಲಿನ ಖರ್ಚೋ?

ಇನ್ನೊಂದನ್ನು ನೋಡಿರಿ. ತಾಂತ್ರಿಕ ಶಿಕ್ಷಣ ಪಡೆಯುವ ಹುಡುಗಿಯರಿಗಾಗಿ 2014-15ರಲ್ಲಿ ಆರಂಭಿಸಿದ 'ಪ್ರಗತಿ' ಯೋಜನೆಯಲ್ಲಿ ವರ್ಷಕ್ಕೆ 50,000 ರೂಪಾಯಿ. ಆದಾಯದ ಮಿತಿ 8 ಲಕ್ಷ. ಅದನ್ನು ಕೊಡಬಾರದೆಂದು ನಾವೆಂದೂ ಹೇಳೆವು. ಆದರೆ ಎಂಜಿನಿಯರಿಂಗ್ ಓದುವವಳ ಹೊಟ್ಟೆಗೆ ಒಂದು ಅಳತೆ, ಚರಿತ್ರೆ ಓದುವ ಕೂಲಿಕಾರನ ಮಗಳ ಹೊಟ್ಟೆಗೆ ಇನ್ನೊಂದು ಅಳತೆಯೇ? ನಾಳೆ ಹಳ್ಳಿಯ ಶಾಲೆಗಳಿಗೆ ಶಿಕ್ಷಕಿಯರಾಗಿ ಬರತಕ್ಕವರು ಇಂಥ ಸಾದಾ ತರಗತಿಗಳಿಂದಲೇ ಅಲ್ಲವೇ?

ಸರಕಾರಕ್ಕೆ ಅಸಾಧ್ಯವಾದುದನ್ನು ಕೇಳುತ್ತಿದ್ದೇವೆಂಬ ಆಕ್ಷೇಪಕ್ಕೆ ಉತ್ತರವು ನಮ್ಮ ಕಣ್ಣೆದುರಿಗೇ ಇದೆ. ಅಜೀಂ ಪ್ರೇಂಜಿ ಪ್ರತಿಷ್ಠಾನವು ಸರಕಾರಿ ಶಾಲೆಗಳಲ್ಲಿ ಹತ್ತನೆಯ ಹಾಗೂ ಹನ್ನೆರಡನೆಯ ತರಗತಿಗಳನ್ನು ಮುಗಿಸಿ ಪದವಿಗೆ ಸೇರಿದ ಹುಡುಗಿಯರಿಗೆ, ಓದು ಮುಗಿಯುವವರೆಗೆ, ವರ್ಷಕ್ಕೆ 30,000 ರೂಪಾಯಿ ಕೊಡಲು 2024ರಲ್ಲಿ ತೊಡಗಿತು. 2025ರಲ್ಲಿ ಕರ್ನಾಟಕವೂ ಅದರೊಳಗೆ ಸೇರಿತು. ಒಂದು ಖಾಸಗಿ ದಾನವು ಹತ್ತು ಪಟ್ಟು ಅಳೆದು ಕೊಡುತ್ತಿರುವಾಗ, ತೆರಿಗೆ ಎತ್ತುವ ಪ್ರಭುತ್ವವು 250 ರೂಪಾಯಿಯನ್ನು ಎಣಿಸುತ್ತ ಕೂಡುವದು ನಾಚಿಕೆಗೇಡು. ದಾನವು ದಾನಿಯ ಮನಸ್ಸಿನ ಮಾತು. ಹಕ್ಕಿಗೆ ಅದು ಆಧಾರವಾಗಲಾರದು.

ಇನ್ನು ಹಣ ಬರುವ ಕಾಲ. ಜಾತಿ ಮತ್ತು ಆದಾಯದ ಪ್ರಮಾಣಪತ್ರಗಳಿಗಾಗಿ ನಾಡಕಚೇರಿ, ಆಧಾರ್ ಜೋಡಣೆಗಾಗಿ ಬ್ಯಾಂಕು, ಅರ್ಜಿಗಾಗಿ ಗಣಕಯಂತ್ರದ ಅಂಗಡಿ, ಹೀಗೆ ತಂದೆಯ ಕೂಲಿಯ ದಿನಗಳು ಕಳೆಯುವವು. ಅಂಕಪಟ್ಟಿಯಲ್ಲಿ ಒಂದು ಹೆಸರು, ಆಧಾರಿನಲ್ಲಿ ಒಂದಕ್ಷರ ವ್ಯತ್ಯಾಸ. ಅರ್ಜಿಯು ಅಲ್ಲಿಯೇ ನಿಂತಿತು! ಪ್ರವೇಶದ ಕಾಲಕ್ಕೆ ಬೇಕಾದ ಹಣವು ಪರೀಕ್ಷೆಯ ಕಾಲಕ್ಕೆ ಬಂದರೆ ಅದು ಸಾಲಗಾರನ ಮನೆಯನ್ನು ಸೇರುವದು. ಹುಡುಗಿಯರು ನಡುವೆಯೇ ಓದು ಬಿಟ್ಟು ಮದುವೆಯಾಗುತ್ತಾರೆ, ಹಣ ವ್ಯರ್ಥವೆಂದು ಹಳಿಯುವ ಮಹಾಶಯರು ಕಾರ್ಯಕಾರಣಗಳನ್ನು ತಲೆಕೆಳಗು ಮಾಡುತ್ತಿರುವರು. ಕೈಯಲ್ಲಿ ಹಣವಿಲ್ಲದೆ ಮನೆಯಲ್ಲಿ ಕುಳಿತ ಮಗಳಿಗೆ ತಂದೆಯು ವರನನ್ನು ಹುಡುಕದೆ ಇನ್ನೇನು ಮಾಡಿಯಾನು?

1956ರಲ್ಲಿ ಕನ್ನಡ ನಾಡು ಒಂದಾಯಿತು. ಆದರೆ 2011ರ ಜನಗಣತಿಯಲ್ಲಿ ದಕ್ಷಿಣ ಕನ್ನಡದ ಹೆಣ್ಣುಮಕ್ಕಳಲ್ಲಿ ನೂರಕ್ಕೆ 84 ಮಂದಿ ಅಕ್ಷರಸ್ಥರು, ಯಾದಗಿರಿಯಲ್ಲಿ 41. ನಕಾಶೆಯ ಗೆರೆಗಳನ್ನು ಅಳಿಸಿದವರು ಈ ಗೆರೆಯನ್ನೇಕೆ ಉಳಿಸಿಕೊಂಡರು? ಎರಡೂ ಜಿಲ್ಲೆಗಳ ಹುಡುಗಿಗೆ ಒಂದೇ 3,000 ರೂಪಾಯಿ ಕೊಟ್ಟು ಅದನ್ನು ಸಮತೆಯೆಂದು ಕರೆಯುವದು ಕುಂಟನನ್ನೂ ಓಟಗಾರನನ್ನೂ ಒಂದೇ ಗೆರೆಯಲ್ಲಿ ನಿಲ್ಲಿಸಿದಂತೆ.

ನಮ್ಮ ಬೇಡಿಕೆ ಇಷ್ಟೇ. ಸಾದಾ ಪದವಿಯ ಭತ್ಯೆಯನ್ನು ಒಂದು ವರ್ಷದ ನಿಜವಾದ ಖರ್ಚಿಗೆ ಸರಿಯಾಗಿ ಏರಿಸಬೇಕು. ಮೊದಲ ಕಂತು ಪ್ರವೇಶದ ತಿಂಗಳಲ್ಲಿಯೇ ಹುಡುಗಿಯ ಸ್ವಂತ ಖಾತೆಗೆ ಸೇರಬೇಕು. ಹೆಸರಿನ ಅಕ್ಷರದೋಷವನ್ನು ಕಾಲೇಜಿನಲ್ಲಿಯೇ ತಿದ್ದುವ ಅಧಿಕಾರವಿರಬೇಕು. ಶಿಕ್ಷಕ ಬಂಧುಗಳು ತಮ್ಮ ಊರಿನಲ್ಲಿ ಈ ವರ್ಷ ಎಷ್ಟು ಹುಡುಗಿಯರು ಅರ್ಜಿ ಹಾಕಿದರು, ಎಷ್ಟು ಮಂದಿಗೆ ಯಾವ ತಿಂಗಳಲ್ಲಿ ಹಣ ಬಂದಿತೆಂಬ ಪಟ್ಟಿಯನ್ನು ಮಾಡಿ ತಮ್ಮ ಶಾಸಕರ ಕೈಗೆ ಕೊಡಲಿ, ಉತ್ತರವನ್ನು ಬರವಣಿಗೆಯಲ್ಲಿಯೇ ಕೇಳಲಿ.